ಡಾಂಬರಿನ ಮುಲಾಜು

ಸಾವಕಾರನ ಹೋಟೆಲಿನ ಮೆಟ್ಟಿಲು ಒಡೆಸಬೇಕೆಂದೇ ನಾನು ಆ ರಸ್ತೆಯ ಕೆಲಸವನ್ನು ಕೇಳಿ ನನ್ನ ಪಾಲಿಗೆ ಹಾಕಿಸಿಕೊಂಡೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸೈಕಲ್ ಸವಾರರ ಹಿತ, ರಸ್ತೆ ಸುರಕ್ಷತೆ ಎಂಬ ಮಾತುಗಳನ್ನು ಆಮೇಲೆ ಕಡತದಲ್ಲಿ ನಾನೇ ಬರೆದೆ. ಅವು ಸುಳ್ಳಲ್ಲ. ಆದರೆ ಸಿಟ್ಟು ಮೊದಲು ಬಂತು, ಅವು ಆಮೇಲೆ ಬಂದವು. ಎದುರಿಗಿದ್ದಾಗ ಅವನಿಗೆ ರೀ ಹಚ್ಚಿಯೇ ಮಾತಾಡುತ್ತಿದ್ದೆ. ಬರೆಯುವಾಗ ಹಚ್ಚುವ ಮನಸ್ಸಿಲ್ಲ.

ಮುದ್ದೇಬಿಹಾಳದಿಂದ ನಾಲತವಾಡದ ಕಡೆ ಹೋಗುವ ರಸ್ತೆ ಊರು ಬಿಡುವ ಮೊದಲು ಎರಡು ಸಣ್ಣ ಪೂಲುಗಳನ್ನು ದಾಟುತ್ತಿತ್ತು. ಮಳೆನೀರು ಅಡಿಯಿಂದ ಹಾಯಲೆಂದು ಯಾವುದೋ ಕಾಲದಲ್ಲಿ ಕಟ್ಟಿದ ಕಲ್ಲಿನ ಪೂಲುಗಳು. ಅವೆರಡರ ನಡುವಿನ ತುಂಡು ರಸ್ತೆಯೇ ನನ್ನ ಕೆಲಸ. ಊರಿನಿಂದ ಹೊರಡುವಾಗ ಎಡಕ್ಕೆ ಸಾವಕಾರನ ಹೋಟೆಲು, ಅದರ ಮುಂದೆ ಮಂದಿ ಸಾಗಿಸುವ ಅವನವೇ ಜೀಪುಗಳು ಮತ್ತು ಟಂಟಂ ಆಟೋಗಳು. ಬಲಕ್ಕೆ ಪತ್ರಾಸಿನ, ಅಂದರೆ ತಗಡಿನ, ಅಂಗಡಿಗಳ ಸಾಲು: ಚಹಾ, ಪಾನಪಟ್ಟಿ, ಕ್ಷೌರ, ಕೊನೆಗೆ ನಾವೆಲ್ಲ ಚಾಚಾ ಎಂದು ಕರೆಯುತ್ತಿದ್ದ ಹಿರಿಯರೊಬ್ಬರ ಸೈಕಲ್ ಅಂಗಡಿ.

ನಮ್ಮಣ್ಣ ಬಿದ್ದದ್ದು ಆ ಹೋಟೆಲಿನ ಮುಂದೆ. ನಾನು ಆಗ ಬಿ.ಇ. ಕೊನೆಯ ವರ್ಷದಲ್ಲಿದ್ದೆ. ನಮ್ಮಪ್ಪ ಅಡತಿ ಅಂಗಡಿಯ ಹಮಾಲ. ನಮ್ಮ ಮನೆತನದಲ್ಲಿ ಪದವಿ ಎಂಬುದನ್ನು ಕಂಡ ಮೊದಲಿಗ ನಾನು. ನನ್ನ ಆ ಓದು ನಡೆದದ್ದು ಅಣ್ಣ ದಿನಾ ಬೇಳೆ ಮಿಲ್ಲಿಗೆ ತುಳಿದ ಸೈಕಲ್ಲಿನಿಂದ. ಮಳೆಗಾಲದ ಒಂದು ಮುಂಜಾನೆ ಅವನು ಮಿಲ್ಲಿಗೆ ಹೊರಟಿದ್ದ. ನಮ್ಮ ಕಡೆಯ ಕಪ್ಪು ಎರಿ ಮಣ್ಣು ತೊಯ್ದರೆ ಅಂಟು. ಸೈಕಲ್ಲನ್ನು ಅದರಲ್ಲಿ ಇಳಿಸಿದರೆ ಮಡ್‌ಗಾರ್ಡಿನೊಳಗೆ ಮಣ್ಣು ಮೆತ್ತಿ ಗಾಲಿ ತಿರುಗುವುದೇ ಇಲ್ಲ. ಹಾಗಾಗಿ ಎಲ್ಲರೂ ಡಾಂಬರಿನ ಅಂಚು ಹಿಡಿದು ಹೋಗುತ್ತಾರೆ, ಹಿಂದೆ ಗಾಡಿಯ ಸದ್ದಾದರೆ ಮಾತ್ರ ಕೆಳಗಿಳಿಯುತ್ತಾರೆ. ಹೋಟೆಲಿನ ಮುಂದೆ ಇಳಿಯಲು ಜಾಗವೇ ಇರಲಿಲ್ಲ. ಸಾವಕಾರನ ಮೆಟ್ಟಿಲು ಡಾಂಬರಿಗೆ ತಾಗಿ ನಿಂತಿತ್ತು. ಗಿರಾಕಿ ಹಿಡಿಯುವ ಅವಸರದಲ್ಲಿ ಹಿಂದಿನಿಂದ ಬಂದ ಜೀಪು ಅಣ್ಣನನ್ನು ಮೆಟ್ಟಿಲಿಗೆ ಒತ್ತಿ ಮುಂದೆ ಹೋಯಿತು. ಜೀಪೂ ಸಾವಕಾರನದೇ.

ಅಣ್ಣ ಉಳಿದ. ಬಲ ಮೊಣಕಾಲು ಮಡಚುವುದನ್ನು ಬಿಟ್ಟಿತು. ಆ ಕಾಲಿನಿಂದ ಪೆಡಲು ತುಳಿಯಲಾಗದು, ಮಿಲ್ಲಿನ ಕೆಲಸವೂ ಹೋಯಿತು. ಪಂಚನಾಮೆಯ ಹೊತ್ತಿಗೆ ಸಾವಕಾರ ಅದೇ ಮೆಟ್ಟಿಲ ಮೇಲೆ ನಿಂತು ಸಾಕ್ಷಿ ಹೇಳಿದ: "ನಾನ ಕಣ್ಣಾರೆ ನೋಡೀನಿ. ನಡು ರಸ್ತೆದಾಗ ಹೊಂಟಿದ್ದ. ಡ್ರೈವರ್ ಏನ ಮಾಡಬೇಕು ಪಾಪ?" ಹಾಗೇ ಬರೆದರು. ತಪ್ಪು ಸೈಕಲ್ಲಿನವನದು ಎಂದಾಯಿತು. ನಾನು ಆ "ಪಾಪ" ಎಂಬ ಮಾತನ್ನು ಮರೆಯಲಿಲ್ಲ.

ಲೋಕೋಪಯೋಗಿ ಇಲಾಖೆಯಲ್ಲಿ ಇಂಜಿನಿಯರನಾಗಿ ಕೆಲಸ ಸಿಕ್ಕು, ಬೇರೆ ಊರು ತಿರುಗಿ, ಮುದ್ದೇಬಿಹಾಳಕ್ಕೇ ಬಂದಾಗ ಅಣ್ಣನ ಸೈಕಲ್ಲನ್ನು ಚಾಚಾನ ಅಂಗಡಿಯಲ್ಲಿ ಸರಿಪಡಿಸಿಕೊಂಡು ಅದರ ಮೇಲೆಯೇ ಕಚೇರಿಗೆ ಹೋಗತೊಡಗಿದೆ. ನಮ್ಮ ಮೇಲಿನ ಸಾಹೇಬರಿಗೆ ಇದು ಸರಿಬರಲಿಲ್ಲ. ಅವರು ಇಂಡಿ ಕಡೆಯವರು, ಮನಸ್ಸು ಒಳ್ಳೆಯದು, ಆದರೆ ಜೀಪಿನಿಂದ ಕಾಲು ಕೆಳಗಿಡುವುದೆಂದರೆ ಆಗದು.

"ಏನಪಾ, ಬಿ.ಇ. ಮಾಡೀಯೋ, ಹಾಲ ಮಾರ್ತೀಯೋ? ಒಂದು ಮೋಟರ್‌ಸೈಕಲ್ಲರೆ ತಗೋ. ಗುತ್ತೇದಾರರು ನಗತಾರ."

"ನಗಲಿ ಬಿಡ್ರಿ ಸರ್. ನಕ್ಕವರ ಬಿಲ್ಲೂ ನನ್ನ ಕಡೆನ ಬರತಾವ."

"ನಿನ್ನ ಬಾಯಿ ಒಂದಿನ ನಿನ್ನ ಬೀದರಕ್ಕ ಕಳಸತೈತಿ ನೋಡು" ಎಂದು ಅವರೂ ನಕ್ಕರು.

ಆ ವರ್ಷ ಎರಡು ಪೂಲುಗಳ ನಡುವಿನ ರಸ್ತೆಯನ್ನು ಅಗಲಿಸಿ ಹೊಸ ಡಾಂಬರು ಹಾಕುವ ಕೆಲಸ ಮಂಜೂರಾಯಿತು. ನಾನು ಕೇಳಿಕೊಂಡೆ, ಸಾಹೇಬರು ಕೊಟ್ಟರು. ಪ್ರತಿ ರಸ್ತೆಯ ಅಂದಾಜಿನಲ್ಲೂ ಡಾಂಬರಿನ ಎರಡೂ ಬದಿಗೆ ಗರಸಿನ ಪಟ್ಟಿ ಇರುತ್ತದೆ. ನೀರು ನಿಲ್ಲದ, ಅಂಟದ ಕೆಂಪು ಗರಸು ಮಣ್ಣು. ಕಾಗದದಲ್ಲಿ ಅದು ಇಲ್ಲದ ರಸ್ತೆಯಿಲ್ಲ, ನೆಲದ ಮೇಲೆ ಅದು ಸರಿಯಾಗಿರುವ ರಸ್ತೆಯೂ ಅಪರೂಪ. ಕೆಲಸದ ಕೊನೆಗೆ ನಾಲ್ಕು ಬುಟ್ಟಿ ಎರಚಿ ಮುಗಿಸುತ್ತಾರೆ. ನಾನು ಹೇಳಿದ್ದು ಇಷ್ಟು: ಪಟ್ಟಿಯನ್ನು ಪೂರ್ತಿ ಅಗಲಕ್ಕೆ ಮಾಡೋಣ, ಎರಿ ಮಣ್ಣು ಅಗೆದು ತೆಗೆದು ಗರಸು ತುಂಬೋಣ, ಜೀಪು ಏರದಂತೆ ಡಾಂಬರಿಗೂ ಪಟ್ಟಿಗೂ ನಡುವೆ ಕಲ್ಲು ನೆಡೋಣ, ಸೈಕಲ್ಲಿನವರು ಅದರ ಮೇಲೆ ಹೋಗಲಿ.

"ಸೈಕಲ್ಲಿಗೆ ರಸ್ತೆ?" ಸಾಹೇಬರು ಚಹಾದ ಬಸಿ ಕೆಳಗಿಟ್ಟರು. "ಇನ್ನ ಹತ್ತು ವರ್ಷದಾಗ ಸೈಕಲ್ ಹೊಡಿಯಾವ್ರು ಯಾರ ಇರತಾರೋ?"

ಆಗ ವಾಹನ ಗಣತಿಗೆ ನಾನೇ ಕೂತೆ. ಸಾಮಾನ್ಯವಾಗಿ ಯಾರನ್ನೋ ಕೂಡಿಸುತ್ತಾರೆ, ಅವನು ಲಾರಿ ಬಸ್ಸು ಎಣಿಸಿ ಸೈಕಲ್ಲಿನ ಸಾಲಿನಲ್ಲಿ ಅಂದಾಜಿಗೆ ಏನೋ ಬರೆಯುತ್ತಾನೆ. ನಾನು ಚಾಚಾನ ಅಂಗಡಿಯ ಮುಂದೆ ಸ್ಟೂಲು ಹಾಕಿಕೊಂಡು ಒಂದೊಂದಕ್ಕೂ ಗೀಟು ಎಳೆದೆ. ಮಿಲ್ಲಿನವರು, ಹಾಲಿನವರು, ಗೌಂಡಿಗಳು, ಪಂಚೆ ಎತ್ತಿ ಕಟ್ಟಿದ ಮಾಸ್ತರರು, ಕ್ಯಾರಿಯರಿಗೆ ಗಂಟು ಕಟ್ಟಿದ ಬಟ್ಟೆ ವ್ಯಾಪಾರಿಗಳು. ಬೆರಳು ನೋಯುವಷ್ಟು ಗೀಟು. ಉಳಿದ ಗಾಡಿಗಳನ್ನೆಲ್ಲ ಕೂಡಿಸಿದರೂ ಸೈಕಲ್ಲೇ ಹೆಚ್ಚು. ಸಾಹೇಬರು ಹಾಳೆ ತಿರುವಿ ತಿರುವಿ ನೋಡಿದರು.

"ಇಷ್ಟು ಸೈಕಲ್ ಎಲ್ಲಿಂದ ಬಂದ್ವೋ?"

"ಮೊದಲಿಂದನೂ ಅದಾವ್ರಿ ಸರ್. ಜೀಪಿನ ಕಿಡಕ್ಯಾಗಿಂದ ನೋಡಿದ್ರ ಕಾಣಂಗಿಲ್ಲ."

ಒಪ್ಪಿದರು. ಸವಾರರ ಕಡೆಯಿಂದ ಒಂದು ಮನವಿ ಇದ್ದರೆ ಒಳ್ಳೆಯದು ಎಂದೂ ಹೇಳಿದರು. ಮನವಿ ಬರೆದುಕೊಂಡು ಮಿಲ್ಲಿನ ಬಾಗಿಲಲ್ಲಿ ನಿಂತೆ. ಓದುತ್ತಾರೆ, ತಲೆ ಆಡಿಸುತ್ತಾರೆ, ಪೆನ್ನು ಹಿಡಿಯುವುದಿಲ್ಲ. ಒಬ್ಬ ನೇರವಾಗಿ ಹೇಳಿದ: "ಸಾವಕಾರ್ರ ಟಂಟಂದಾಗ ನಮ್ಮ ಹೆಣ್ತಿ ಮಕ್ಕಳು ಓಡ್ಯಾಡ್ತಾರ್ರಿ. ನಾಳೆ ನಡೂ ದಾರ್ಯಾಗ ಇಳಿಸಿ ಹೋದ್ರ?" ಸಹಿ ಹಾಕಿದ್ದು ಚಾಚಾ ಒಬ್ಬರೇ. ದೊಡ್ಡದಾಗಿ, ಉರ್ದುವಿನಲ್ಲಿ ಹಾಕಿದರು.

ಆಮೇಲೆ ಅಳತೆ. ಅಲ್ಲಿ ನನಗೆ ಮೊದಲ ಪೆಟ್ಟು ಬಿತ್ತು. ರಸ್ತೆಯ ಜಾಗ ಅಳೆಯುವುದೆಂದರೆ ನಡುಗೆರೆ ಹಿಡಿದು ಎರಡೂ ಬದಿಗೆ ಸಮನಾಗಿ ಟೇಪು ಎಳೆಯುವುದು. ನಡುಗೆರೆ ಎಂದರೆ ಇದ್ದ ಡಾಂಬರಿನ ನಡು. ನಮ್ಮ ಕಚೇರಿಯಲ್ಲಿ ಎಲ್ಲರೂ ಹಾಗೆಯೇ ಹಿಡಿಯುತ್ತಾ ಬಂದದ್ದು, ನಾನೂ ಹಾಗೆಯೇ ಹಿಡಿದೆ. ಟೇಪು ಎಡಕ್ಕೆ ಹೋದರೆ ಸಾವಕಾರನ ಮೆಟ್ಟಿಲು, ಕಟ್ಟೆ, ಚಪ್ಪರ ಎಲ್ಲವೂ ರಸ್ತೆಯ ಜಾಗದಲ್ಲಿ. ನಾನು ಒಳಗೊಳಗೇ ಕುಣಿದೆ. ಟೇಪು ಬಲಕ್ಕೆ ಹೋದರೆ ಪತ್ರಾಸಿನ ಅಂಗಡಿಗಳೂ ರಸ್ತೆಯ ಜಾಗದಲ್ಲಿ. ಸಾಲಿಗೆ ಸಾಲು.

ಸಾಹೇಬರಿಗೆ ಹಾದಿ ಸಿಕ್ಕಿತು. "ಎರಡೂ ಕಡೆ ಒತ್ತುವರಿ ಐತಿ ಅಂದಮ್ಯಾಲೆ, ಎಡಕ್ಕ ಪಕ್ಕಾ ಕಟ್ಟಡ, ಕೋರ್ಟಿಗೆ ಹೋಗತಾನ. ಬಲಕ್ಕ ಕಚ್ಚಾ ಶೆಡ್ಡು. ಅಗಲ ಎಲ್ಲಾ ಬಲಕ್ಕ ತಗೋ. ಸುಣ್ಣ ಹಾಕು."

ನಾನು ಸುಣ್ಣ ಹಾಕಿಸಿದೆ. ಚಾಚಾ ಅಂಗಡಿಯೊಳಗೆ ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ನೋಡುತ್ತಾ ಕೂತಿದ್ದರು. ಬಿಳಿ ಗೆರೆ ಅವರ ಹಿಂದಿನ ಗೋಡೆಯ ಬುಡದಲ್ಲಿ ಬಿತ್ತು. ಅಂಗಡಿ ಪೂರ್ತಿ ಗೆರೆಯ ಈಚೆಗೆ.

"ಸಾಹೇಬ್ರ," ಎಂದರು. ಅವರು ಯಾವಾಗಲೂ ನನ್ನನ್ನು ಬೇಟಾ ಎನ್ನುತ್ತಿದ್ದರು. "ಸೈಕಲ್ಲಿಗೆ ದಾರಿ ಮಾಡಾಕ ಸೈಕಲ್ ಅಂಗಡಿ ತೆಗಿತೀರೇನ್ರಿ?"

ರಸ್ತೆಯ ಆಚೆ ಮೆಟ್ಟಿಲ ಮೇಲೆ ನಿಂತ ಸಾವಕಾರ ಕೂಗಿ ಹೇಳಿದ: "ಇಂಜಿನಿಯರ, ಬಿಸಲಾಗ ಯಾಕ ನಿಂತಿ? ಬಾ, ಚಾ ಕುಡಿ. ನಿಮ್ಮ ಅಣ್ಣ ಆರಾಮ ಅದಾನೇನು?"

ಆ ಚಹಾವನ್ನು ಅವನ ಮುಖಕ್ಕೆ ಎರಚಬೇಕು ಎನಿಸಿತು. "ಆರಾಮ ಅದಾನ್ರಿ" ಎಂದು ಸೈಕಲ್ ಹತ್ತಿದೆ. ಅಂಗಡಿಯವರೆಲ್ಲ ನನ್ನ ಬೆನ್ನ ಹಿಂದೆ ಏನೆಂದರೋ, ಕೇಳದಿರಲೆಂದು ಜೋರಾಗಿ ತುಳಿದೆ. ಹಗೆ ತೀರಿಸಲು ಹೋಗಿ ಹಗೆಯವನ ಕೆಲಸವನ್ನೇ ಮಾಡಿಕೊಟ್ಟು ಬಂದಂತಾಗಿತ್ತು.

ಸಿಟ್ಟಿನಲ್ಲಿ ತುಳಿಯುವಾಗ ಹ್ಯಾಂಡಲನ್ನು ಬಿಗಿಯಾಗಿ ಹಿಡಿದಿದ್ದೆ. ಎದುರಿಗೆ ದೂರದ ಪೂಲಿನ ಗೋಡೆ ಕಾಣುತ್ತಿತ್ತು, ಅದನ್ನೇ ನೋಡುತ್ತಾ ನೇರ ಹೋಗುತ್ತಿದ್ದೆ. ಆದರೆ ನಾಲ್ಕು ತುಳಿತಕ್ಕೊಮ್ಮೆ ಹ್ಯಾಂಡಲು ತಿರುಗಿಸಬೇಕಾಗುತ್ತಿತ್ತು. ತಿರುಗಿಸದಿದ್ದರೆ ಡಾಂಬರು ಬಿಟ್ಟು ಕೆಳಗಿಳಿಯುತ್ತಿದ್ದೆ. ಸೈಕಲ್ ನಿಲ್ಲಿಸಿ ಹಿಂತಿರುಗಿ ನೋಡಿದೆ. ಹೋಟೆಲು ಬರುವ ಮೊದಲು ರಸ್ತೆ ಮೆಲ್ಲಗೆ ಬಲಕ್ಕೆ ಸರಿದು, ಹೋಟೆಲು ದಾಟಿದ ಮೇಲೆ ಮೆಲ್ಲಗೆ ಎಡಕ್ಕೆ ಬರುತ್ತಿತ್ತು. ಜೀಪಿನಲ್ಲಿ ಕೂತವನಿಗೆ ಇದು ಗೊತ್ತಾಗುವುದಿಲ್ಲ. ಮೋಟರ್‌ಸೈಕಲ್ಲಿಗೂ ತಿಳಿಯದು. ಎಷ್ಟು ದಿನದಿಂದ ಅದೇ ದಾರಿಯಲ್ಲಿ ತುಳಿದಿದ್ದೇನೆ, ನನ್ನ ಕೈಗೆ ಗೊತ್ತಿದ್ದದ್ದು ತಲೆಗೆ ಬಂದಿರಲಿಲ್ಲ.

ಪೂಲುಗಳನ್ನು ಯಾರೂ ಸರಿಸಿರಲಿಲ್ಲ. ಕಲ್ಲಿನ ಕಟ್ಟಡ, ಹಳೆಯದು. ರಸ್ತೆ ಮೊದಲು ಹಾಕಿದವರು ಎರಡು ಪೂಲುಗಳ ನಡುವಿನಿಂದ ನಡುವಿಗೆ ನೇರವಾಗಿಯೇ ಹಾಕಿರಬೇಕು.

ಮರುದಿನ ಬೆಳಗು ಹರಿಯುವ ಮೊದಲು ಇಲಾಖೆಯ ರಸ್ತೆ ಕೂಲಿಗಳ ಗ್ಯಾಂಗಿನ ಇಬ್ಬರನ್ನು ಕರೆದುಕೊಂಡು ಹೋದೆ. ಒಂದು ಪೂಲಿನ ಎರಡು ಗೋಡೆಗಳ ನಡುವೆ ಟೇಪು ಹಿಡಿದು ಅರ್ಧಕ್ಕೆ ಗೂಟ ಹೊಡೆದೆವು, ಇನ್ನೊಂದು ಪೂಲಿನ ಮೇಲೂ ಹಾಗೆಯೇ. ಕೆಂಪು ಬಿಳಿ ಪಟ್ಟೆಯ ಕೋಲುಗಳನ್ನು ನಡುನಡುವೆ ನೆಟ್ಟು, ಕಣ್ಣಿಗೆ ಎಲ್ಲವೂ ಒಂದೇ ಕೋಲಾಗಿ ಕಾಣುವವರೆಗೆ ಸರಿಸಿದೆವು. ಆಮೇಲೆ ಹುರಿ ಎಳೆದೆವು. ಹೋಟೆಲಿನ ಹತ್ತಿರ ಹುರಿ ಡಾಂಬರಿನ ನಡು ಬಿಟ್ಟು ಎಡಕ್ಕೆ ಹೋಗುತ್ತಾ ಹೋಗುತ್ತಾ, ಸಾವಕಾರನ ಕೊನೆಯ ಮೆಟ್ಟಿಲಿನ ಮೂಗು ಸವರಿಕೊಂಡು ಮುಂದೆ ನಡೆಯಿತು.

ಗ್ಯಾಂಗಿನ ಹಿರಿಯ ಹುರಿಯನ್ನೊಮ್ಮೆ, ಮೆಟ್ಟಿಲನ್ನೊಮ್ಮೆ ನೋಡಿದ. "ಅಲ್ರಿ ಸರ್, ಇದು ನಡು ರಸ್ತಿ?"

"ಇದ ನಡು ರಸ್ತಿ."

ಏನಾಗಿದೆ ಎಂದು ಆಮೇಲೆ ಲೆಕ್ಕ ಹಾಕಿದರೆ ಅದರಲ್ಲಿ ಮಸಲತ್ತು ಏನೂ ಇರಲಿಲ್ಲ. ಸಾವಕಾರ ಮೊದಲು ಒಂದು ಮೆಟ್ಟಿಲು ಮುಂದೆ ಹಾಕಿದ್ದಾನೆ. ಮುಂದಿನ ಸಲ ಡಾಂಬರು ಹಾಕಲು ಬಂದ ಗುತ್ತೇದಾರ, ದೊಡ್ಡ ಮನುಷ್ಯರ ಮೆಟ್ಟಿಲಿಗೆ ಡಾಂಬರು ತಾಗಬಾರದೆಂದು ಮರ್ಯಾದೆಯಿಂದ ಒಂದಿಷ್ಟು ಬಲಕ್ಕೆ ಸರಿಸಿದ್ದಾನೆ, ಚಹಾ ಕುಡಿದು ಹೋಗಿದ್ದಾನೆ. ಖಾಲಿಯಾದ ಜಾಗಕ್ಕೆ ಸಾವಕಾರ ಇನ್ನೊಂದು ಮೆಟ್ಟಿಲು ಇಳಿಸಿದ್ದಾನೆ. ಮುಂದೆ ಬಂದವನೂ ಮರ್ಯಾದಸ್ಥನೇ. ಹೀಗೆ ಒಬ್ಬರ ಮುಲಾಜಿನ ಮೇಲೆ ಇನ್ನೊಬ್ಬರ ಮುಲಾಜು ಕೂತು, ರಸ್ತೆ ಹತ್ತಿರ ಹತ್ತಿರ ಎಂಟು ಅಡಿ ಪಕ್ಕಕ್ಕೆ ಸರಿದಿತ್ತು. ನಾವು ಆ ಸರಿದ ಡಾಂಬರಿನ ನಡು ಹಿಡಿದು ಬಡವರ ಅಂಗಡಿಗಳು ಒತ್ತುವರಿ ಎನ್ನುತ್ತಿದ್ದೆವು. ಪೂಲಿನ ಗೆರೆಯಿಂದ ಅಳೆದರೆ ಬಲಗಡೆಯ ಒಂದು ಶೆಡ್ಡೂ ರಸ್ತೆಯ ಜಾಗದಲ್ಲಿರಲಿಲ್ಲ.

ಇನ್ನೊಂದೂ ತಿಳಿಯಿತು. ಅಣ್ಣ ಡಾಂಬರಿನ ತೀರ ಎಡ ಅಂಚಿನಲ್ಲಿ, ಮೆಟ್ಟಿಲಿಗೆ ಒರೆಸಿಕೊಂಡು ಹೋಗುತ್ತಿದ್ದ. ಹಾಗಾದರೆ ಅವನು ನಿಜವಾಗಿಯೂ ನಡು ರಸ್ತೆಯಲ್ಲೇ ಇದ್ದ! ಸಾವಕಾರನ ಸಾಕ್ಷಿ ಸುಳ್ಳಾಗಿರಲಿಲ್ಲ. ಅವನ ಹೋಟೆಲೇ ನಡು ರಸ್ತೆಗೆ ಬಂದು ನಿಂತಿತ್ತು. ಹುರಿಯ ಪಕ್ಕದಲ್ಲಿ ಕೂತು ನಾನು ನಕ್ಕೆ. ನಗುವಂಥದ್ದಾಗಿರಲಿಲ್ಲ.

ಸಾಹೇಬರು ಕೇಳಿಸಿಕೊಂಡು ಕಣ್ಣು ಮುಚ್ಚಿದರು. "ಇಷ್ಟು ವರ್ಷ ಎಲ್ಲಾರೂ ಡಾಂಬರಿನ ನಡು ಹಿಡಿದಾರ."

"ಡಾಂಬರಿಗೆ ಮುಲಾಜ ಐತ್ರಿ ಸರ್. ಪೂಲಿಗಿಲ್ಲ."

"ನೀ ನಿಮ್ಮ ಅಣ್ಣನ ಸಲುವಾಗಿ ಮಾಡಾಕತ್ತೀಯಂತ ನನಗ ಗೊತ್ತಿಲ್ಲಂತ ತಿಳಿದೀಯೇನು?"

"ಹೌದ್ರಿ. ಅವನ ಸಲುವಾಗೇ ಮಾಡಾಕತ್ತೇನಿ. ಆದ್ರ ಗೆರಿ ತಪ್ಪಿದ್ರ ಹೇಳ್ರಿ, ಇವತ್ತ ಬಿಡ್ತೇನಿ."

ಅವರಿಗೆ ಗೆರೆ ತಪ್ಪಲ್ಲವೆಂದು ಗೊತ್ತಿತ್ತು. ಸಹಿ ಹಾಕಲು ಹೆದರಿಕೆ. ಕೊನೆಗೆ ಎಲ್ಲರ ಎದುರು ಸ್ಥಳಕ್ಕೆ ಬಂದು ನೋಡುತ್ತೇನೆ, ಸಾವಕಾರನೂ ಇರಲಿ ಎಂದರು. ತಮ್ಮ ಮೈಮೇಲೆ ಬರದಿರಲಿ ಎಂಬ ಯೋಚನೆ. ನಾನು ಒಪ್ಪಿದೆ. ಹುರಿ ಇದ್ದಲ್ಲಿ ಸುಣ್ಣದ ಚುಕ್ಕೆ ಹಾಕಿಸಿದೆ. ಸಾಹೇಬರು ಬರುವ ಮುಂಜಾನೆ ಗ್ಯಾಂಗಿನವರು ಕೆಂಪು ಬಾವುಟ ಹಿಡಿದು ಎರಡೂ ಕಡೆ ಗಾಡಿ ತಡೆದರು. ಜನ ತಾನಾಗಿ ಸೇರಿತು. ಸಾವಕಾರ ಇಸ್ತ್ರಿ ಅಂಗಿ ಹಾಕಿಕೊಂಡು ಮೆಟ್ಟಿಲ ಮೇಲೆ ಕುರ್ಚಿ ಹಾಕಿಸಿ ಕೂತ.

"ಏನ್ ಸುಣ್ಣ ಚೆಲ್ಯಾನ್ರೀ ನಿಮ್ಮ ಹುಡುಗ? ರಂಗೋಲಿ ಹಾಕ್ಯಾನೇನು?" ಎಂದು ಅವನು ಸಾಹೇಬರಿಗೆ ಹೇಳಿದಾಗ ಜನ ನಕ್ಕರು. ಸಾಹೇಬರೂ ನಕ್ಕರು. ಕೆಲಸ ಕೈತಪ್ಪುತ್ತಿದೆ ಎನಿಸಿತು. ಟೇಪು, ಕೋಲು, ಲೆಕ್ಕ ಹೇಳಿದರೆ ಇವರು ಯಾರೂ ಕೇಳುವವರಲ್ಲ. ಚಾಚಾನ ಅಂಗಡಿಯಿಂದ ಬಾಡಿಗೆ ಸೈಕಲ್ ಒಂದನ್ನು ತಂದು ಸಾಹೇಬರ ಮುಂದೆ ನಿಲ್ಲಿಸಿದೆ.

"ಸರ್, ನೀವು ಸೈಕಲ್ ಹತ್ರಿ. ಈ ಪೂಲಿನ ನಡುವಿನಿಂದ ಆ ಪೂಲಿನ ನಡುವಿಗೆ ಚುಕ್ಕಿ ಹಿಡಿದು ಹೋಗ್ರಿ. ಹ್ಯಾಂಡಲ್ ಮಾತ್ರ ತಿರುಗಸಬ್ಯಾಡ್ರಿ. ನಡು ರಸ್ತೆದಾಗ ಹೋಗಾವ ಎಲ್ಲಿಗೆ ಹೋಗತಾನ ಎಲ್ಲಾರೂ ನೋಡಲಿ."

"ಹುಚ್ಚೇನು? ನಾ ಸೈಕಲ್ ಹೊಡದು ಯಾವ ಕಾಲಾತು!"

"ಕಲತದ್ದು ಮರೆಯಂಗಿಲ್ರಿ ಸಾಹೇಬ್ರ" ಎಂದು ಚಾಚಾ ಆಗಲೇ ಸೀಟು ಇಳಿಸುತ್ತಿದ್ದರು. ಜನ "ಹತ್ರಿ ಸಾಹೇಬ್ರ, ಹತ್ರಿ" ಎಂದು ಕೂಗತೊಡಗಿತು. ಅಷ್ಟು ಜನರ ಮುಂದೆ ಹಿಂದೆ ಸರಿಯುವುದು ಅವರಿಗೆ ಆಗಲಿಲ್ಲ. ಪ್ಯಾಂಟಿನ ಕಾಲು ಮಡಚಿ ಹತ್ತಿದರು. ಮೊದಲು ತೂರಾಡಿದರು. ಆಮೇಲೆ ತೂಕ ಸಿಕ್ಕಿತು. ಮುಖದಲ್ಲಿ ಏನೋ ಹಳೆಯ ಖುಷಿ ಬಂತು. ಚುಕ್ಕೆ ಹಿಡಿದು ಬಂದರು, ಬಂದರು, ಡಾಂಬರಿನ ಅಂಚಿಗೆ ಬಂದರು. ಹ್ಯಾಂಡಲು ತಿರುಗಿಸಲಿಲ್ಲ. ಎಡಗಾಲಿನ ಪೆಡಲು ಸಾವಕಾರನ ಕೊನೆಯ ಮೆಟ್ಟಿಲಿಗೆ ಖಟ್ಟೆಂದು ಬಡಿದು ಸೈಕಲ್ಲು ವಾಲಿತು. ಮೊಣಕಾಲು ಮೆಟ್ಟಿಲ ಮೂಗಿಗೆ ತಾಗಿತು.

"ಸಾಹೇಬ್ರ," ಸಾವಕಾರ ಕುರ್ಚಿಯಿಂದ ನಗುತ್ತಾ ಹೇಳಿದ, "ಚಾ ಕುಡಿಯಾಕ ಸೈಕಲ್ ಮ್ಯಾಲೆ ಮೆಟ್ಟಲಾ ಹತ್ತತೀರೇನ್ರೀ?"

ಈ ಸಲ ಯಾರೂ ನಗಲಿಲ್ಲ. ಸಾಹೇಬರು ಮೊಣಕಾಲು ಹಿಡಿದುಕೊಂಡು ಹಿಂದಿನ ಪೂಲು ನೋಡಿದರು, ಮುಂದಿನ ಪೂಲು ನೋಡಿದರು, ಮೆಟ್ಟಿಲು ನೋಡಿದರು. ಅವರ ಪ್ಯಾಂಟು ಹರಿದಿತ್ತು.

"ಸಾವಕಾರ್ರ, ನಾ ನಡು ರಸ್ತೆದಾಗ ಬಂದೇನ್ರಿ," ಎಂದರು ಮೆಲ್ಲಗೆ. "ನಿಮ್ಮ ಮೆಟ್ಟಲಾ ಇಲ್ಲಿ ಯಾಕ ಐತ್ರಿ?"

ಸಹಿ ಅದೇ ದಿನ ಬಿತ್ತು. ಬಲಗಡೆಯ ಸುಣ್ಣವನ್ನು ಚಾಚಾ ತಾವೇ ಕೊಡದಿಂದ ನೀರು ಸುರಿದು ತೊಳೆದರು. ಹೋಟೆಲಿಗೆ ನೋಟೀಸು ಹೋಯಿತು. ಒಡೆಯುವ ದಿನ ದಸರೆಯ ಮರುದಿನ. ನಡುವೆ ಫೋನುಗಳು ಬಂದವು, ಸಾಹೇಬರಿಗೂ, ಅವರ ಮೇಲಿನವರಿಗೂ. ಸಾಹೇಬರು ಎಲ್ಲರಿಗೂ ಒಂದೇ ಮಾತು ಹೇಳಿದರಂತೆ: "ಬಂದು ಸೈಕಲ್ ಹೊಡದು ನೋಡ್ರಿ." ಅವರ ಮೊಣಕಾಲಿನ ಗಾಯ ಇನ್ನೂ ಆರಿರಲಿಲ್ಲ; ನನ್ನ ಪಾಲಿಗೆ ಅದು ಒಳ್ಳೆಯದೇ ಆಯಿತು.

ಸಾವಕಾರನಿಗೆ ಉಳಿದದ್ದು ಒಂದೇ ದಾರಿ. ದಸರೆಯ ಸಂಜೆ ಅವನು ನಮ್ಮ ಓಣಿಗೆ ಬಂದ.

ನಮ್ಮ ಕಡೆ ದಸರೆಯ ದಿನ ಬನ್ನಿ ಎಲೆ ಕೊಟ್ಟು, ಬಂಗಾರದಂಗ ಇರೋಣು ಎಂದು ಹೇಳುವುದು ವಾಡಿಕೆ. ಬನ್ನಿ ತೆಗೆದುಕೊಂಡ ಮೇಲೆ ಹಳೆಯ ಜಗಳ ಎತ್ತುವಂತಿಲ್ಲ. ಸಣ್ಣವರು ದೊಡ್ಡವರ ಮನೆಗೆ ಹೋಗಿ ಕೊಡುತ್ತಾರೆ. ದೊಡ್ಡವನು, ಅದೂ ಸಾವಕಾರ, ಹಮಾಲನ ಮನೆಗೆ ತಾನಾಗಿ ಬಂದರೆ ಅದನ್ನು ಬೇಡ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಅವನಿಗೆ ಅದು ಗೊತ್ತಿತ್ತು. ಜೀಪನ್ನು ಓಣಿಯ ಬಾಯಲ್ಲೇ ಬಿಟ್ಟು, ಎಲ್ಲರೂ ನೋಡಲೆಂದು ನಡೆದು ಬಂದ. ಬಾಗಿಲು ಬಾಗಿಲಿಗೆ ಜನ ನಿಂತರು. ಅಣ್ಣನ ಹೆಂಡತಿ, ನಮ್ಮ ವೈನಿ, ಗಡಬಡಿಸಿ ಜಮಖಾನೆ ಹಾಸಿದಳು.

ಅಣ್ಣ ಗೋಡೆಗೆ ಒರಗಿ, ಬಲಗಾಲು ಮುಂದೆ ಚಾಚಿ ಕೂತಿದ್ದ. ಏಳಲು ನೋಡಿದ.

"ಏಳಬ್ಯಾಡ ತಮ್ಮಾ, ಕುಂದರು ಕುಂದರು." ಸಾವಕಾರ ಬಾಗಿ ಅವನ ಕೈಗೆ ಬನ್ನಿ ಇಟ್ಟ. "ಬಂಗಾರ ತಗೋ. ಆಗಿದ್ದು ಆತು. ಬಂಗಾರದಂಗ ಇರೋಣು."

ಅಣ್ಣ ಮೆತ್ತನೆಯ ಮನುಷ್ಯ. ಒಂದು ಸಲ "ಬಿಡಪಾ ತಮ್ಮಾ" ಎಂದುಬಿಟ್ಟರೆ ನಾನು ಮುಂದೆ ಹೆಜ್ಜೆ ಇಡಲಾರೆ. ಅವನ ಕಾಲು, ಅವನ ಮಾತೇ ಕೊನೆ. ಅಣ್ಣ ಬನ್ನಿಯನ್ನು ಕಣ್ಣಿಗೊತ್ತಿಕೊಂಡ. ಕಿಸೆಯಲ್ಲಿ ಇಟ್ಟುಕೊಂಡ. ವೈನಿ ಚಹಾ ತಂದಳು. ಸಾವಕಾರ ಕುಡಿದ. ಓಣಿಯವರೂ ನಿಂತಲ್ಲೇ ಉಸಿರು ಬಿಟ್ಟರು.

"ಸಾವಕಾರ್ರ," ಎಂದ ಅಣ್ಣ, "ಒಂದು ಮಾತ ಕೇಳಲೇನ್ರಿ?"

"ಕೇಳಪಾ."

"ಅವತ್ತ ಹಿಂದ ಜೀಪ ಬಂತು. ನಾ ಯಾವ ಕಡೆ ಇಳೀಬೇಕಿತ್ರಿ?"

ಸಾವಕಾರ ಬಸಿಯನ್ನು ನೋಡಿದ. ಅದರಲ್ಲಿ ಏನೂ ಉಳಿದಿರಲಿಲ್ಲ.

"ಸಿಟ್ಟಿನಿಂದ ಕೇಳವಲ್ಲೆ ಬಿಡ್ರಿ. ದಿನಾ ಕುಂತು ವಿಚಾರ ಮಾಡ್ತೇನಿ, ಅದಕ್ಕ ಕೇಳ್ದೆ. ಬಲಕ್ಕ ಲಾರಿ ಇತ್ತು. ಎಡಕ್ಕ ನಿಮ್ಮ ಮೆಟ್ಟಲಾ. ನೀವು ಮ್ಯಾಲೆ ನಿಂತು ನೋಡಾಕತ್ತಿದ್ರಿ. ನಿಮಗ ಕಂಡಿರಬೇಕು. ಎಲ್ಲಿ ಇಳೀಬೇಕಿತ್ತು ಹೇಳ್ರಿ."

ಸಾವಕಾರ ನನ್ನ ಕಡೆ ತಿರುಗಿ ಇನ್ನೊಂದು ಎಲೆ ಚಾಚಿದ. "ನೀನರೆ ತಗೋ ಇಂಜಿನಿಯರ. ಅಣ್ಣಗ ತಿಳಿಹೇಳು."

ನಾನು ಕೈ ಹಿಂದೆ ಕಟ್ಟಿಕೊಂಡೆ. ನಮ್ಮ ಓಣಿಯಲ್ಲಿ ಬನ್ನಿಗೆ ಕೈ ಚಾಚದವನನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ವೈನಿ ಸೆರಗು ಬಾಯಿಗೆ ಹಿಡಿದಳು. ಅಣ್ಣನೇ ಹೇಳಿದ: "ನಾ ತಗೊಂಡೇನಲ್ರಿ, ಸಾಕು. ನಿಮ್ಮ ಮ್ಯಾಲೆ ನನಗ ಸಿಟ್ಟಿಲ್ಲ. ಮೆಟ್ಟಲಾ ಮಾತ್ರ ನಾಳೆ ನನ್ನ ತಮ್ಮ ಒಡೀತಾನ."

ಸಾವಕಾರ ಎದ್ದು ಹೋದ. ಓಣಿಯ ಬಾಯಿವರೆಗೂ ಅವನ ಬೆನ್ನಿಗೆ ಜನರ ಕಣ್ಣಿದ್ದವು. ಅಣ್ಣ ನನ್ನ ಕಡೆ ನೋಡಿ ಬೈದ: "ಬನ್ನಿ ಬ್ಯಾಡನಬಾರದಿತ್ತಲೇ. ಓದಿ ಓದಿ ತಲಿ ಕೆಟ್ಟೈತಿ ನಿಂದು."

ಮರುದಿನ ಹಾರೆ ಹಿಡಿದ ಗ್ಯಾಂಗಿನವರು ಮೊದಲ ಏಟು ಹಾಕಲು ಹಿಂಜರಿದರು. ಅವರ ಮನೆಯವರೂ ಅವನ ಟಂಟಂ ಹತ್ತುವವರೇ. ನಾನು ಹಾರೆ ಕಸಿದುಕೊಂಡು ಕೊನೆಯ ಮೆಟ್ಟಿಲಿನ ಸಂದಿಗೆ ಹಾಕಿ ಮೀಟಿದೆ. ಕಲ್ಲು ಎದ್ದಾಗ ಮೈಯೆಲ್ಲ ತಂಪಾಯಿತು. ಇದನ್ನು ನಾಚಿಕೆಯಿಲ್ಲದೆ ಬರೆಯುತ್ತೇನೆ. ಮಧ್ಯಾಹ್ನಕ್ಕೆ ಮೆಟ್ಟಿಲು ಹೋಯಿತು, ಸಂಜೆಗೆ ಕಟ್ಟೆ, ಆಮೇಲೆ ಚಪ್ಪರ. ಕಲ್ಲುಗಳನ್ನು ಎತ್ತಿಕೊಂಡು ಹೋಗಲು ಅವನಿಗೆ ನೋಟೀಸಿನಲ್ಲಿ ಸಮಯವಿತ್ತು. ನಾಚಿಕೆಗೋ ಸೊಕ್ಕಿಗೋ ಎತ್ತಲಿಲ್ಲ. ಸಮಯ ಮುಗಿದ ಮೇಲೆ ನಾನು ಆ ಕಲ್ಲುಗಳನ್ನು ಬಿಟ್ಟುಕೊಡಲಿಲ್ಲ.

ಮುಂದಿನದು ಕೆಲಸ. ಎರಿ ಮಣ್ಣನ್ನು ಮೊಣಕಾಲುದ್ದ ಅಗೆದು ಹೊರಗೆ ಹಾಕಿಸಿದೆ. ಗರಸನ್ನು ಒಂದೊಂದು ಗೇಣಿನ ಪದರವಾಗಿ ಹಾಕಿ, ನೀರು ಹೊಡೆದು, ರೋಲರು ಓಡಿಸಿ, ಮತ್ತೆ ಪದರ. ಗುತ್ತೇದಾರ ಒಂದೇ ಸಲ ಸುರಿದು ಮುಗಿಸೋಣ ಎಂದ. ಸುರಿದದ್ದನ್ನು ಅವನ ಕೈಯಿಂದಲೇ ತೆಗೆಸಿದೆ. ನೀರು ಡಾಂಬರಿನಿಂದ ಹೊರಗೆ ಹರಿಯುವಂತೆ ಸಣ್ಣ ಇಳಿಜಾರು ಕೊಟ್ಟೆ. ಡಾಂಬರು ಎರಡು ಪೂಲುಗಳ ನಡುವೆ ನೇರವಾಗಿ ಬಂತು. ಅದಕ್ಕೂ ಪಟ್ಟಿಗೂ ನಡುವೆ, ಸೈಕಲ್ಲು ನುಸುಳಿ ಜೀಪು ನುಸುಳದ ಅಂತರದಲ್ಲಿ, ಕಲ್ಲು ನೆಡಿಸಿದೆ. ಹೋಟೆಲಿನ ಮುಂದೆ ನೆಟ್ಟದ್ದು ಅವನ ಮೆಟ್ಟಿಲಿನ ಕಲ್ಲುಗಳನ್ನೇ, ನುಣುಪು ಮುಖ ಅವನ ಬಾಗಿಲಿಗೆ ಮಾಡಿ.

ಮಳೆ ಬಂದಾಗ ಮಿಲ್ಲಿನವರು ಗರಸಿನ ಮೇಲೆ ಸಾಲಾಗಿ ಹೋದರು. ಸಹಿ ಹಾಕದವರೇ ಎಲ್ಲರೂ. ಚಾಚಾನ ಅಂಗಡಿಯ ಮುಂದೆ ಗಾಳಿ ಹಾಕಿಸುವವರು ಹೆಚ್ಚಿದರು. ಅವರು ನನ್ನನ್ನು ಮತ್ತೆ ಬೇಟಾ ಎಂದರು. ಅಣ್ಣನ ಪಂಚನಾಮೆ ಮಾತ್ರ ಹಾಗೇ ಉಳಿಯಿತು. ತಿದ್ದಿಸಲು ಓಡಾಡಿದೆ. ಮುಗಿದ ಪ್ರಕರಣ ಎಂದು ಬಾಗಿಲು ಹಾಕಿದರು. ಅಲ್ಲಿ ಇವತ್ತಿಗೂ ತಪ್ಪು ಸೈಕಲ್ಲಿನವನದೇ.

ಅದಕ್ಕೇ ನನ್ನ ಸಿಟ್ಟು ಪೂರ್ತಿ ಇಳಿದಿಲ್ಲ. ಈಗ ಸಾವಕಾರನ ಬಾಗಿಲಿನಿಂದ ಹೊರಗೆ ಕಾಲಿಟ್ಟರೆ ಮೊದಲು ಸಿಗುವುದು ಸೈಕಲ್ಲಿನ ಪಟ್ಟಿ. ಅವನ ಜೀಪು ಕಲ್ಲುಗಳಾಚೆ ದೂರ ನಿಲ್ಲುತ್ತದೆ. ಮುಂಜಾನೆ ಮಿಲ್ಲಿನ ಪಾಳಿಯ ಹೊತ್ತಿಗೆ ಅವನು ಹೊರಬಂದರೆ ಸೈಕಲ್ಲುಗಳೆಲ್ಲ ದಾಟುವವರೆಗೆ ಹೊಸ್ತಿಲಲ್ಲಿ ನಿಲ್ಲಬೇಕು. ನಾನೂ ಆ ಹೊತ್ತಿಗೇ ಕಚೇರಿಗೆ ಹೊರಡುತ್ತೇನೆ. ಎಲ್ಲರೂ ಮುಂದೆ ಹೋಗಿ ದಾರಿ ಖಾಲಿಯಾದ ಮೇಲೆ, ಅವನು ಒಂದು ಕಾಲು ಎತ್ತಿದ್ದು ನೋಡಿ, ಗಂಟೆ ಬಾರಿಸುತ್ತೇನೆ. ಅವನು ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಾನೆ. ನಾನು ಅವಸರವಿಲ್ಲದೆ, ಮೆಲ್ಲಗೆ ತುಳಿಯುತ್ತಾ ಅವನ ಮುಂದಿನಿಂದ ಹೋಗುತ್ತೇನೆ.